ವಾಹನ ತಪಾಸಣೆ: ಚಾಲಕರ ಮತ್ತು ಪ್ರಯಾಣಿಕರ ಹೊಣೆ

ಡ್ರೈವಿಂಗ್ ಲೈಸೆನ್ಸ್ ಎಂಬುದು ಬರೇ ಒಂದು ಕಾರ್ಡಲ್ಲ. ರಸ್ತೆಯ ನಿಯಮಗಳನ್ನು ಪಾಲಿಸುತ್ತೇನೆಂದು ನಾವು ಸಮಾಜಕ್ಕೆ ಕೊಟ್ಟ ಮಾತು ಅದರಲ್ಲಿದೆ. ಕರಾರುಗಳನ್ನು ಪೂರೈಸಬೇಕೆಂಬ ಆದೇಶದೊಂದಿಗೇ ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯವು ಆರಂಭವಾಗುತ್ತದೆ. ಆದ್ದರಿಂದ ಪೊಲೀಸರು ವಾಹನ ನಿಲ್ಲಿಸಿದಾಗ ನಾವು ಹೇಗೆ ವರ್ತಿಸುತ್ತೇವೆ ಎಂಬುದು ಧರ್ಮಕ್ಕೆ ಸಂಬಂಧವಿಲ್ಲದ ವಿಷಯವೆಂದು ಭಾವಿಸಬಾರದು.

ಕೈಸನ್ನೆ ಕಂಡೊಡನೆ ವೇಗ ತಗ್ಗಿಸಿ, ಇಂಡಿಕೇಟರ್ ಹಾಕಿ, ಎಡಬದಿಯಲ್ಲಿ ನಿಲ್ಲಿಸಬೇಕು. ಹಠಾತ್ತನೆ ಗಾಡಿ ತಿರುಗಿಸಿ ಪರಾರಿಯಾಗುವವನು ದಂಡ ಉಳಿಸಲು ಹೋಗಿ ಹಿಂದೆ ಕುಳಿತವರ ಪ್ರಾಣವನ್ನು ಪಣಕ್ಕಿಡುತ್ತಾನೆ. ರಾತ್ರಿಯಾದರೆ ಕಾರಿನೊಳಗಿನ ದೀಪ ಹಾಕಿರಿ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನಂತೆ, ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೂ ಲೈಸೆನ್ಸ್ ತೋರಿಸಲೇಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳೂ ನಡೆಯುತ್ತವೆ.

ಉಸಿರು ಪರೀಕ್ಷೆಗೆ ಕರೆದಾಗ, "ನಾನು ಮುಸಲ್ಮಾನ, ಕುಡಿಯುವವನಲ್ಲ" ಎಂದು ಸಿಟ್ಟಾಗುವವರಿದ್ದಾರೆ. ಪರೀಕ್ಷೆ ಎಲ್ಲರಿಗೂ ಒಂದೇ. ಕುಡಿಯದವನಿಗೆ ಊದಲು ಭಯವೇಕೆ? ಹಾಗೆಯೇ ನಮಾಝಿನ ಟೋಪಿ ಹೆಲ್ಮೆಟ್‌ಗೆ ಬದಲಿಯಲ್ಲ. ಕಾನೂನಿನಲ್ಲಿ ರಿಯಾಯಿತಿ ಇರುವುದು ಪೇಟ ಧರಿಸಿದ ಸಿಖ್ಖರಿಗೆ ಮಾತ್ರ. ಜುಮಾಕ್ಕೆ ಹೋಗುವ ದಾರಿಯೂ ರಸ್ತೆಯೇ ತಾನೇ?

ಜೊತೆಗಿರುವವರ ಹೊಣೆ ಮೌನ ಮತ್ತು ಸಹನೆ. ಎಲ್ಲರೂ ಇಳಿದು ಅಧಿಕಾರಿಯನ್ನು ಸುತ್ತುವರಿಯುವುದು, ಶಾಸಕರ ಹೆಸರು ಹೇಳುವುದು, ಚಾಲಕನನ್ನು ಹುರಿದುಂಬಿಸುವುದು ಜಗಳಕ್ಕೆ ದಾರಿ. ಒರಟಾಗಿ ಮಾತನಾಡುವವರಿಗೂ ಶಾಂತಿಯ ಮಾತಿನಿಂದ ಉತ್ತರಿಸುವುದು ಪರಮ ದಯಾಮಯನ ದಾಸರ ಗುಣವೆಂದು ಅಲ್ ಫುರ್ಕಾನ್ ಅಧ್ಯಾಯ ಕಲಿಸುತ್ತದೆ.

ಸಹನೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ದಂಡ ಕಟ್ಟಿದರೆ ರಸೀದಿ ಕೇಳಿರಿ. ಲೈಸೆನ್ಸ್ ವಶಪಡಿಸಿಕೊಂಡರೆ ಸ್ವೀಕೃತಿ ಪತ್ರ ಪಡೆಯಿರಿ. ತಪ್ಪು ಮಾಡಿಲ್ಲವಾದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳುವ ಹಕ್ಕು ನಿಮಗಿದೆ.

ಆದರೆ ಮಡಚಿದ ನೋಟು ಕೈಗಿಡುವುದು ಬೇರೆಯೇ ಮಾತು. ಲಂಚ ಪಡೆಯುವವನನ್ನು ಮಾತ್ರವಲ್ಲ, ಕೊಡುವವನನ್ನೂ ಪ್ರವಾದಿವರ್ಯರು(ಸ) ಶಪಿಸಿರುವುದಾಗಿ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ವರದಿಯಾಗಿದೆ. 2018ರ ತಿದ್ದುಪಡಿಯ ನಂತರ ದೇಶದ ಕಾನೂನಿನಲ್ಲೂ ಕೊಡುವವನಿಗೆ ಏಳು ವರ್ಷಗಳವರೆಗೆ ಸೆರೆವಾಸವಿದೆ. ಬಲವಂತದಿಂದ ಕೊಡಬೇಕಾಗಿ ಬಂದರೆ ಏಳು ದಿನಗಳೊಳಗೆ ದೂರು ನೀಡಬೇಕು. ಹಿಂದಿನ ಸೀಟಿನಲ್ಲಿರುವ ಮಗು ಇದೆಲ್ಲವನ್ನೂ ನೋಡುತ್ತಿರುತ್ತದೆ. ಸುಳ್ಳು ಹೇಳಬಾರದು, ಹರಾಮ್ ಮುಟ್ಟಬಾರದು ಎಂದು ಮನೆಯಲ್ಲಿ ಕಲಿಸಿದ ತಂದೆ ಅಲ್ಲಿ ಏನು ಮಾಡುತ್ತಾನೋ ಅದೇ ಅದರ ಮನಸ್ಸಿನಲ್ಲಿ ಉಳಿಯುವ ಪಾಠ.

ಹೆತ್ತವರಿಗೆ ಇನ್ನೊಂದು ಮಾತು. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀ ಕೊಟ್ಟರೆ, 2019ರಲ್ಲಿ ಸೇರಿಸಲಾದ 199ಎ ಕಲಮಿನಂತೆ ತಂದೆಗೆ ಅಥವಾ ವಾಹನದ ಮಾಲಿಕನಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ದಂಡವನ್ನು ಹೇಗೋ ಕಟ್ಟಬಹುದು, ಹೋದ ಮಗನನ್ನು ತರಲಾಗದು.

ವಾಹನವೇರುವಾಗ ದುಆ ಓದುವ ನಾವು, ಅದನ್ನು ನಿಲ್ಲಿಸಬೇಕಾದಾಗಲೂ ಅಲ್ಲಾಹನನ್ನು ನೆನೆಯೋಣ. ಅವನು ನಮಗೆ ಸನ್ನಡತೆಯನ್ನು ಕರುಣಿಸಲಿ, ಆಮೀನ್.