‘ರೋಮನೈಸ್’ ಎಂದರೆ ಯಾವ ಅರ್ಥ?

ಪ್ರಶ್ನೆ: ಮಗಳ ಇತಿಹಾಸದ ಪಾಠದಲ್ಲಿ ‘ರೋಮನೈಸ್ ಆದ ಬ್ರಿಟನ್ನರು’ ಎಂದಿತ್ತು. ವಾಟ್ಸಾಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೂ ಇದೇ ಪದ ಬಳಸುತ್ತಾರಲ್ಲ, ಎರಡೂ ಒಂದೆಯೇ?
– ಓದುಗರೊಬ್ಬರು, ಗ್ರೀನ್‌ಫರ್ಡ್, ಲಂಡನ್

ಉತ್ತರ: ಪದ ಒಂದೇ, ಅರ್ಥ ಬೇರೆ. ಪಾಠದಲ್ಲಿರುವುದು ರೋಮನ್ನರ ಉಡುಗೆ, ಭಾಷೆ, ನಡೆನುಡಿಗಳನ್ನು ರೂಢಿಸಿಕೊಳ್ಳುವುದು ಅಥವಾ ಬೇರೆಯವರಿಗೆ ರೂಢಿಸುವುದು ಎಂಬ ಅರ್ಥ.

ಬ್ರಿಟನ್ನಿನಲ್ಲಿ ಇದು ಹೇಗೆ ನಡೆಯಿತೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬಂದಿಳಿಯಿತು. ಮುಂದೆ ಗವರ್ನರ್ ಆದ ಅಗ್ರಿಕೋಲ ಈ ಟ್ಯಾಸಿಟಸನ ಮಾವ. ಆತ ಗುಡಿ, ಚೌಕ, ಮನೆ ಕಟ್ಟಲು ಸ್ಥಳೀಯರಿಗೆ ನೆರವಾದ, ನಾಯಕರ ಮಕ್ಕಳನ್ನು ಓದಿಸಿದ. ಲ್ಯಾಟಿನ್ ಬೇಡವೆಂದಿದ್ದವರೇ ಅದರಲ್ಲಿ ಸೊಗಸಾಗಿ ಮಾತಾಡಲು ಹಂಬಲಿಸಿದರು. ಟೋಗಾ ಉಡುವವರು ಹೆಚ್ಚಿದರು. ಸ್ನಾನಗೃಹ, ಔತಣಗಳ ರುಚಿ ಹತ್ತಿತು. ಅವರು ನಾಗರಿಕತೆ ಎಂದುಕೊಂಡದ್ದು ದಾಸ್ಯದ ಒಂದು ಭಾಗವಾಗಿತ್ತು ಎನ್ನುತ್ತಾನೆ ಟ್ಯಾಸಿಟಸ್. ಗೆದ್ದವರ ಕಡೆಯವನೇ ಹೀಗೆ ಬರೆದನಲ್ಲ, ಅದಕ್ಕೇ ಈ ಮಾತಿಗೆ ತೂಕ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಕ್ಸ್‌ಫರ್ಡ್‌ನ ಫ್ರಾನ್ಸಿಸ್ ಹ್ಯಾವರ್‌ಫೀಲ್ಡ್ ಈ ಪದವನ್ನು ಬ್ರಿಟನ್ನಿನ ಇತಿಹಾಸಕ್ಕೆ ಗಟ್ಟಿಯಾಗಿ ಅಂಟಿಸಿದರು. ಈಗಿನ ಹಲವು ವಿದ್ವಾಂಸರಿಗೆ ಇದು ಹಿಡಿಸುವುದಿಲ್ಲ: ಕೊಟ್ಟವರು ರೋಮನ್ನರು, ಪಡೆದವರು ಸ್ಥಳೀಯರು ಎಂಬ ಒಮ್ಮುಖದ ಚಿತ್ರ ಇದರಲ್ಲಿದೆ. ನನಗೂ ಅವರ ಮಾತು ಸರಿಯೆನಿಸುತ್ತದೆ. ಏಕೆಂದು ತಿಳಿಯಲು ಪ್ಯಾಡಿಂಗ್ಟನ್‌ನಿಂದ ರೈಲು ಹಿಡಿದು ಮಗಳನ್ನು ಬಾತ್ ಊರಿಗೆ ಕರೆದೊಯ್ಯಿರಿ. ಅಲ್ಲಿನ ಬಿಸಿನೀರ ಬುಗ್ಗೆಯಲ್ಲಿ ಸೀಸದ ಪುಟ್ಟ ತಗಡುಗಳು ಸಿಕ್ಕಿವೆ, ಸುಮಾರು 130. ಡೊಸಿಲಿಯಾನಸ್ ಎಂಬವನ ಟೊಪ್ಪಿಗೆಯುಳ್ಳ ಮೇಲಂಗಿ ಕಳವಾಯಿತು. ಕದ್ದವರು ಗಂಡಾಗಲಿ ಹೆಣ್ಣಾಗಲಿ, ದಾಸರಾಗಲಿ ಸ್ವತಂತ್ರರಾಗಲಿ, ಅವರಿಗೆ ನಿದ್ದೆ ಬಾರದಿರಲಿ, ಮಕ್ಕಳಾಗದಿರಲಿ ಎಂದು ಅವನು ಅಂಥದೊಂದು ತಗಡಿನ ಮೇಲೆ ಲ್ಯಾಟಿನ್ನಿನಲ್ಲಿ ಕೊರೆದು ದೇವಿಗೆ ಒಪ್ಪಿಸಿದ್ದಾನೆ. ನಮ್ಮವರು ಮಂಜುನಾಥನಿಗೆ ಬಿಟ್ಟಿದ್ದೇನೆ ಎನ್ನುವಂತೆಯೇ. ಭಾಷೆ ರೋಮಿನದು, ಆದರೆ ಆ ದೇವಿ ಸುಲಿಸ್ ಆ ನೆಲದವಳು. ರೋಮನ್ನರೇ ತಮ್ಮ ಮಿನರ್ವಳನ್ನು ಅವಳ ಹೆಸರಿಗೆ ಜೋಡಿಸಿಕೊಂಡರು. ಯಾರು ಯಾರನ್ನು ಬದಲಿಸಿದರು?

ನಿಮ್ಮ ವಾಟ್ಸಾಪ್ ಕನ್ನಡದಲ್ಲಿ ಬದಲಾಗುವುದು ಲಿಪಿ ಮಾತ್ರ. ಆದರೂ ನಷ್ಟವಿಲ್ಲದಿಲ್ಲ. ಬಿ, ಎ, ಎಲ್, ಇ ಎಂದು ಬರೆದರೆ ಅದು ಕೈಯ ಬಳೆಯೋ ಮೀನಿನ ಬಲೆಯೋ? ವಿದ್ವಾಂಸರು ‘ಳ’ಕ್ಕೆ ಎಲ್ ಅಕ್ಷರದ ಕೆಳಗೆ ಚುಕ್ಕೆಯಿಡುತ್ತಾರೆ, 2001ರ ಐಎಸ್‌ಒ 15919 ಮಾನದಂಡದಲ್ಲೂ ಹಾಗೆಯೇ ಇದೆ. ಫೋನಿನಲ್ಲಿ ಅಷ್ಟು ತಾಳ್ಮೆ ಯಾರಿಗಿದೆ? ಕನ್ನಡ ಕೀಲಿಮಣೆಯೇ ಸುಲಭ, ಮಗಳಿಗೂ ಅದನ್ನೇ ಹಾಕಿಕೊಡಿ.

ಕನ್ನಡದಲ್ಲಿ ಬರೆಯುವಾಗ ಇತಿಹಾಸದ್ದಕ್ಕೆ ‘ರೋಮನೀಕರಣ’, ಅಕ್ಷರದ್ದಕ್ಕೆ ‘ರೋಮನ್ ಲಿಪ್ಯಂತರ’ ಎಂದರೆ ಗೊಂದಲವಿರುವುದಿಲ್ಲ.