ಕರ್ತವ್ಯವೆಲ್ಲ ಮುಗಿಯಿತು, ಇನ್ನು ಯಾತಕ್ಕಾಗಿ?

ಪ್ರಶ್ನೆ: ನನಗೆ 49 ವರ್ಷ. ತಿಪಟೂರಿನ ಹತ್ತಿರ ಒಂದು ಹಳ್ಳಿ. ಯಜಮಾನರದು ತೆಂಗಿನ ತೋಟ, ಜೊತೆಗೆ ಕೊಬ್ಬರಿ ವ್ಯಾಪಾರ. ಮಗಳು ಬೆಂಗಳೂರಿನಲ್ಲಿ, ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾರೆ. ಅತ್ತೆಗೆ ಲಕ್ವ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದರು. ಅವರ ಸ್ನಾನ, ಊಟ, ಬಟ್ಟೆ ಎಲ್ಲ ನಾನೇ. ಹೋದ ವರ್ಷ ತೀರಿಕೊಂಡರು, ಈಚೆಗೆ ವರ್ಷದ ತಿಥಿಯೂ ಆಯಿತು. ಅವರು ಹೋದಾಗ ‘ಅಬ್ಬಾ’ ಅಂತ ಒಂದು ಉಸಿರು ಬಿಟ್ಟೆ. ಆ ಪಾಪವೇ ಈಗ ಸುತ್ತಿಕೊಂಡಿದೆಯೇನೋ. ಈಗಲೂ ರಾತ್ರಿ ಎಂಟಾದರೆ ಅವರಿಗೆ ಮಾತ್ರೆ ಕೊಡಬೇಕು ಅಂತ ಎದ್ದುಬಿಡುತ್ತೇನೆ. ಬೆಳಗ್ಗೆ ಯಜಮಾನರು ತಿಂಡಿ ತಿಂದು ಹೊರಟರೆ ಮನೆಯಲ್ಲಿ ನಾನೊಬ್ಬಳೇ. ಯಾಕೆ ಏಳಬೇಕು, ಯಾಕೆ ಬೇಯಿಸಬೇಕು, ಈ ಜೀವನಕ್ಕೆ ಏನಾದರೂ ಅರ್ಥ ಇದೆಯಾ, ಬರೀ ಇದೇ ಯೋಚನೆ. ಮೊಬೈಲಿನಲ್ಲಿ ಪ್ರವಚನ ಕೇಳಿದೆ, ಕಗ್ಗ ಓದಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಜಮಾನರ ಹತ್ತಿರ ಹೇಳಿಕೊಂಡರೆ ‘ಹೊಟ್ಟೆ ತುಂಬಿದೋರಿಗೆ ಬರೋ ಕಾಯಿಲೆ ಇದು’ ಅಂದರು. ಮದುವೆಯಾದ ಹೊಸದರಲ್ಲಿ ನಾನು ಹೀಗಿರಲಿಲ್ಲ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉರುಳುವ ಸದ್ದಿನಲ್ಲೇ ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಹೇಳಿಬಿಡುತ್ತಿದ್ದೆ. ಮಾವನವರು ನನ್ನನ್ನೇ ಕರೆಯುತ್ತಿದ್ದರು. ಬಿ.ಕಾಂ. ಓದಿದ್ದೇನೆ. ಸಂತೋಷವಾಗಿ ಬದುಕುವುದು ಹೇಗೆ, ದಯವಿಟ್ಟು ಹೇಳಿ.
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಮೊದಲು ಯಜಮಾನರ ಮಾತನ್ನು ಇತ್ಯರ್ಥ ಮಾಡಿಬಿಡೋಣ. ಅದರಲ್ಲಿ ಅರ್ಧ ನಿಜವಿದೆ. ರಷ್ಯಾದ ಟಾಲ್‌ಸ್ಟಾಯ್ ಅವರನ್ನು ಈ ಪ್ರಶ್ನೆ ಹಿಡಿದುಕೊಂಡಿದ್ದು ಐವತ್ತರ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ‘ಯುದ್ಧ ಮತ್ತು ಶಾಂತಿ’, ‘ಅನ್ನಾ ಕರೆನಿನಾ’ ಎರಡನ್ನೂ ಬರೆದು ಮುಗಿಸಿದ್ದರು. ಹೆಂಡತಿ, ಮಕ್ಕಳು, ಜಮೀನು, ದೇಶವಿದೇಶದಲ್ಲಿ ಹೆಸರು, ಯಾವುದಕ್ಕೂ ಕೊರತೆ ಇರಲಿಲ್ಲ. ಇಷ್ಟೆಲ್ಲ ಆಯಿತಲ್ಲ, ಮುಂದೇನು ಎಂದು ಕೇಳಿಕೊಳ್ಳುತ್ತ ಕೇಳಿಕೊಳ್ಳುತ್ತ ಜೀವವೇ ಬೇಡ ಅನ್ನುವ ಮಟ್ಟಕ್ಕೆ ಹೋಗಿದ್ದನ್ನು ಅವರೇ ಬರೆದಿಟ್ಟಿದ್ದಾರೆ. ಹೊಟ್ಟೆ ತುಂಬಿತ್ತು ಅಂದಮಾತ್ರಕ್ಕೆ ಆ ಸಂಕಟ ಸುಳ್ಳಾಗಲಿಲ್ಲ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ. ಹೊಟ್ಟೆಗೆ ಏನೂ ಇಲ್ಲದವರೂ ಇದನ್ನೇ ಕೇಳಿಕೊಂಡಿದ್ದಾರೆ.

ಇನ್ನು ಆ ‘ಅಬ್ಬಾ’. ವರ್ಷಗಟ್ಟಲೆ ರೋಗಿಯ ಚಾಕರಿ ಮಾಡಿದ ಸೊಸೆಯಂದಿರು, ಹೆಣ್ಣುಮಕ್ಕಳು ನಮ್ಮ ಬಳಿ ಬಂದಾಗ ಎಲ್ಲ ಮಾತೂ ಮುಗಿದು ಎದ್ದು ನಿಂತ ಮೇಲೆ, ಬಾಗಿಲ ಕಡೆ ನೋಡಿಕೊಂಡು, ಇದೊಂದನ್ನು ಹೇಳಿ ಹೋಗುತ್ತಾರೆ. ಆ ಉಸಿರು ಅತ್ತೆಯ ಸಾವಿಗೆ ಬಿಟ್ಟದ್ದಲ್ಲ. ಆರು ವರ್ಷ ಒಂದು ರಾತ್ರಿಯೂ ನೆಟ್ಟಗೆ ಮಲಗದ ನಿಮ್ಮ ಬೆನ್ನು ಬಿಟ್ಟ ಉಸಿರು ಅದು. ದುಃಖವೂ ನಿರಾಳವೂ ಒಂದೇ ದಿನ ಒಂದೇ ಮನಸ್ಸಿಗೆ ಬರುತ್ತವೆ, ಒಂದು ಬಂದರೆ ಇನ್ನೊಂದು ಸುಳ್ಳು ಅಂತಲ್ಲ. ಅದನ್ನು ಪಾಪ ಅನ್ನುವವರಿದ್ದರೆ ಒಂದು ವಾರ ಹಾಸಿಗೆ ಬಟ್ಟೆ ಬದಲಾಯಿಸಿ ನೋಡಲಿ.

ಈಗ ಒಂದು ಕೆಲಸ. ಇದಕ್ಕೆ ತತ್ತ್ವ ಬೇಡ, ವೈದ್ಯರು ಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ಮೊದಲು ಇಷ್ಟವಾಗುತ್ತಿದ್ದದ್ದು ಈಗ ರುಚಿಸದೆ, ನಿದ್ದೆ ಊಟ ಎರಡೂ ಕೆಟ್ಟು, ಕೈಕಾಲಲ್ಲಿ ಶಕ್ತಿಯೇ ಇಲ್ಲ ಅನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆ ಎಷ್ಟೋ ಸಲ ವೇದಾಂತದ ವೇಷ ಹಾಕಿಕೊಂಡು ಬರುತ್ತದೆ. ಜೊತೆಗೆ ನಿಮ್ಮದು ಮುಟ್ಟು ನಿಲ್ಲುವ ವಯಸ್ಸು. ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಬಿ12 ಇವುಗಳಲ್ಲಿ ಏರುಪೇರಾದರೂ ಮನಸ್ಸು ಹೀಗೆ ಮಂಕಾಗುತ್ತದೆ. ರಕ್ತಪರೀಕ್ಷೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿ. ಇರುವುದೇ ಬೇಡ ಎನ್ನುವ ಯೋಚನೆ ಒಂದು ಸಲ ಸುಳಿದಿದ್ದರೂ ಅಷ್ಟು ದಿನ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಪತ್ರದಲ್ಲಿ ನೀವು ಆ ಮಾತು ಬರೆದಿಲ್ಲ. ಬರೆಯದೆ ನುಂಗಿಕೊಂಡಿರಬಹುದು ಅಂತ ಹೇಳುತ್ತಿದ್ದೇನೆ.

ಪ್ರಶ್ನೆಗೆ ಬರೋಣ. ಜೀವನಕ್ಕೆ ಅರ್ಥವಿದೆಯೇ? ಪ್ರವಚನದವರು ಒಬ್ಬೊಬ್ಬರು ಒಂದೊಂದು ಹೇಳುವುದರಲ್ಲಿ ಆಶ್ಚರ್ಯವೇನೂ ಇಲ್ಲ, ಎರಡೂವರೆ ಸಾವಿರ ವರ್ಷದಿಂದ ಈ ನೆಲದಲ್ಲಿ ಹಾಗೆಯೇ ನಡೆದು ಬಂದಿದೆ. ಮಾಲುಂಕ್ಯಪುತ್ತ ಎಂಬ ಭಿಕ್ಷು ಲೋಕ ಶಾಶ್ವತವೋ ಅಲ್ಲವೋ ಹೇಳಿದರೆ ಮಾತ್ರ ನಿಮ್ಮ ಜೊತೆ ಇರುತ್ತೇನೆ ಎಂದು ಪಟ್ಟು ಹಿಡಿದಾಗ ಬುದ್ಧ ಉತ್ತರ ಕೊಡಲೇ ಇಲ್ಲ. ಬಾಣ ನೆಟ್ಟವನು ಹೊಡೆದವನ ಕುಲಗೋತ್ರ ತಿಳಿಯುವ ತನಕ ಬಾಣ ಕೀಳಿಸುವುದಿಲ್ಲ ಅಂದರೆ ಏನಾಗುತ್ತದೆ ಎಂದು ತಿರುಗಿ ಕೇಳಿದ. ನಾನೂ ಆ ಪಕ್ಷದವಳೇ. ದೇವರನ್ನು ನಂಬಿದವರೂ ನಂಬದವರೂ ಚೆನ್ನಾಗಿ ಬಾಳಿದ್ದನ್ನು ನೋಡಿದ್ದೇನೆ. ಎರಡೂ ಕಡೆಯವರು ಒದ್ದಾಡಿದ್ದನ್ನೂ ನೋಡಿದ್ದೇನೆ. ಅಂದಮೇಲೆ ಬದುಕು ಹಸನಾಗುವುದು ಆ ದೊಡ್ಡ ಉತ್ತರದ ಮೇಲೆ ನಿಂತಿಲ್ಲ.

ಕಗ್ಗ ಓದುತ್ತಿದ್ದೀರಿ, ಒಳ್ಳೆಯದು. ಆದರೆ ಅದನ್ನು ಬರೆದವರು ಹೇಗೆ ಬದುಕಿದರು ಅನ್ನುವುದನ್ನೂ ನೋಡಿ. ಡಿ.ವಿ.ಜಿ. ಅವರ ಹೆಂಡತಿ ಬೇಗನೆ ತೀರಿಕೊಂಡಿದ್ದರು. ಪತ್ರಿಕೆ ನಡೆಸುವ ಕಷ್ಟವೆಲ್ಲ ಕಂಡವರು. 1943ರಲ್ಲಿ ಕಗ್ಗ ಅಚ್ಚಾಯಿತು. ಪ್ರಶ್ನೆಗಳನ್ನೆಲ್ಲ ಬರೆದಾಯಿತು ಅಂತ ಜಗುಲಿಯ ಮೇಲೆ ಕೂತರೇ? 1945ರಲ್ಲಿ, ಐವತ್ತೇಳು ದಾಟಿದ ಮೇಲೆ, ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ಸಂಸ್ಥೆ ಕಟ್ಟಿದರು. ಪ್ರಶ್ನೆ ತಲೆಯಲ್ಲಿತ್ತು, ಕೈ ಸುಮ್ಮನಿರಲಿಲ್ಲ.

ಈಗ ಆ ಉಳಿದರ್ಧ. ವಿಕ್ಟರ್ ಫ್ರಾಂಕಲ್ ವಿಯೆನ್ನಾದ ಮನೋವೈದ್ಯರು, ಯಹೂದಿ. ನಾಜಿಗಳು ಅವರನ್ನು ಆಶ್‌ವಿಟ್ಜ್ ಸೇರಿದಂತೆ ನಾಲ್ಕು ಶಿಬಿರಗಳಲ್ಲಿ ಇಟ್ಟಿದ್ದರು. ತಂದೆ, ತಾಯಿ, ಅಣ್ಣ, ಹೆಂಡತಿ ಎಲ್ಲರನ್ನೂ ಕಳೆದುಕೊಂಡರು. ನೀರಿನಂಥ ಸಾರು, ಒಂದು ತುಂಡು ಬ್ರೆಡ್ಡು ತಿಂದು ಬದುಕಿದ್ದ ಅಲ್ಲಿಯವರನ್ನೂ ಕಾಡಿದ್ದು ನಿಮ್ಮ ಪ್ರಶ್ನೆಯೇ. ಇದನ್ನು ನಿಮ್ಮ ಯಜಮಾನರಿಗೆ ಹೇಳಿ. ಇನ್ನು ಜೀವನದಿಂದ ಪಡೆಯುವುದು ಏನೂ ಉಳಿದಿಲ್ಲ ಅಂತ ಕೈಚೆಲ್ಲಿದ್ದ ಇಬ್ಬರ ಬಗ್ಗೆ ಫ್ರಾಂಕಲ್ ಬರೆದಿದ್ದಾರೆ. ಒಬ್ಬನ ಮಗು ಬೇರೆ ದೇಶದಲ್ಲಿ ಅಪ್ಪನಿಗಾಗಿ ಕಾಯುತ್ತಿತ್ತು. ಇನ್ನೊಬ್ಬ ವಿಜ್ಞಾನಿ, ಬರೆಯುತ್ತಿದ್ದ ಪುಸ್ತಕಮಾಲೆ ಅರ್ಧಕ್ಕೆ ನಿಂತಿತ್ತು, ಅದನ್ನು ಬೇರೆಯವರು ಮುಗಿಸುವ ಹಾಗಿರಲಿಲ್ಲ. ಜೀವನ ನನಗೇನು ಕೊಡುತ್ತದೆ ಎಂದು ಕೇಳುವುದನ್ನು ಬಿಟ್ಟು, ಜೀವನ ನನ್ನಿಂದ ಏನು ಕೇಳುತ್ತಿದೆ ಎಂದು ನೋಡಿಕೊಳ್ಳುವುದು, ಇದು ಅವರು ಕಂಡುಕೊಂಡ ದಾರಿ. ಉತ್ತರ ಒಬ್ಬೊಬ್ಬರಿಗೆ ಬೇರೆ, ಒಬ್ಬರಿಗೇ ಹತ್ತು ವರ್ಷದ ಮೇಲೆ ಇನ್ನೊಂದು.

ನೋಡಿಯಮ್ಮ, ಆರು ವರ್ಷ ರಾತ್ರಿ ಎಂಟಕ್ಕೆ ಅತ್ತೆಯ ಮಾತ್ರೆ ನಿಮ್ಮನ್ನು ಕೇಳುತ್ತಿತ್ತು. ಆಗ ಈ ಪ್ರಶ್ನೆ ಬರಲಿಲ್ಲ. ಅರ್ಥ ಸಿಕ್ಕಿತ್ತು ಅಂತಲ್ಲ, ಒಬ್ಬರಿಗೆ ನೀವು ಬೇಕಾಗಿದ್ದಿರಿ. ಈಗ ಆ ಜಾಗ ಖಾಲಿ. ಹಾಗಂತ ಇನ್ನೊಂದು ಸೇವೆ ಹುಡುಕಿಕೊಂಡು ಹೋಗಿ ಅಂತ ನಾನು ಹೇಳುವುದಿಲ್ಲ. ನಮ್ಮ ಹೆಂಗಸರಿಗೆ ಖಾಲಿತನ ಅಂದಕೂಡಲೇ ಎಲ್ಲರೂ ಸೇವೆಯ ಔಷಧವನ್ನೇ ಬರೆದುಕೊಡುತ್ತಾರೆ, ಮೊಮ್ಮಕ್ಕಳನ್ನು ನೋಡಿಕೋ ಅನ್ನುವುದೂ ಅದೇ.

ನಿಮ್ಮ ಪತ್ರದಲ್ಲಿ ಜೀವ ತುಂಬಿಕೊಂಡಿದ್ದು ಒಂದೇ ಕಡೆ, ಅಟ್ಟದ ಕಾಯಿಯ ವಿಷಯ ಬಂದಾಗ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದು ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟದ್ದನ್ನು ಕಿವಿಯಲ್ಲೇ ಪತ್ತೆ ಮಾಡುವುದು ಸಣ್ಣ ವಿದ್ಯೆಯಲ್ಲ. ಬಿ.ಕಾಂ. ಓದಿದ್ದನ್ನು ಯಾರೋ ಕೇಳಿದ್ದಕ್ಕೆ ಹೇಳಿದ ಹಾಗೆ ಕೊನೆಗೆ ಸೇರಿಸಿದ್ದೀರಿ. ಮನೆಯ ಕೊಬ್ಬರಿ ವ್ಯಾಪಾರದ ಲೆಕ್ಕ ಈಗ ಯಾರು ಬರೆಯುತ್ತಿದ್ದಾರೆ? ಅಟ್ಟ ಮತ್ತು ಲೆಕ್ಕದ ಪುಸ್ತಕ ಎರಡನ್ನೂ ನಿಮ್ಮ ಕೈಗೆ ತೆಗೆದುಕೊಳ್ಳಿ. ಸಹಾಯಕ್ಕೆ ಅಂತಲ್ಲ, ಪಾಲುದಾರಳಾಗಿ. ಮಾರುವುದೋ ಇನ್ನಷ್ಟು ದಿನ ಇಡುವುದೋ ಎಂಬಲ್ಲಿ ನಿಮ್ಮ ಮಾತೂ ನಡೆಯಬೇಕು, ಬಂದ ದುಡ್ಡಿನಲ್ಲಿ ಒಂದಿಷ್ಟು ನಿಮ್ಮ ಖಾತೆಗೂ ಬರಬೇಕು.

ಮನಸ್ಸು ಬಂದ ಮೇಲೆ ಶುರು ಮಾಡುತ್ತೇನೆ ಅಂತ ಕಾಯಬೇಡಿ. ಕುಗ್ಗಿದ ಮನಸ್ಸಿಗೆ ಚಿಕಿತ್ಸೆ ಕೊಡುವವರು ಕಂಡುಕೊಂಡ ಗುಟ್ಟೇ ಇದು: ಮೊದಲು ಕೆಲಸ, ಅದರ ಹಿಂದೆ ಮನಸ್ಸು. ಯಜಮಾನರು ಹೊರಟ ಅರ್ಧ ಗಂಟೆಯೊಳಗೆ ಏಣಿ ಹತ್ತುವುದು ಅಂತ ಹೊತ್ತು ಗೊತ್ತು ಮಾಡಿಕೊಳ್ಳಿ. ಬೇಜಾರಿದ್ದರೂ ಹತ್ತಿ.

ಸಂತೋಷದ ಬಗ್ಗೆ ನನ್ನದು ಚಿಕ್ಕ ಉತ್ತರ. ಅದನ್ನೇ ಗುರಿ ಮಾಡಿಕೊಂಡು, ಬಂತೇ ಬಂತೇ ಎಂದು ಗಳಿಗೆಗೊಮ್ಮೆ ನೋಡಿಕೊಳ್ಳುವವರಿಗೆ ಅದು ಸಿಕ್ಕಿದ್ದು ಕಡಿಮೆ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಿಂದ ನೂರಾರು ಜನರ ಬದುಕನ್ನು ಹಿಂಬಾಲಿಸಿದ್ದಾರೆ, ಆಮೇಲೆ ಅವರ ಮಕ್ಕಳನ್ನೂ. ಓದಿದವರು, ಬಾಸ್ಟನ್ನಿನ ಬಡ ಕೇರಿಯ ಹುಡುಗರು, ಇಬ್ಬರೂ ಅದರಲ್ಲಿದ್ದರು. ವಯಸ್ಸಾದ ಮೇಲೆ ಆರೋಗ್ಯವಾಗಿ, ನೆಮ್ಮದಿಯಾಗಿ ಉಳಿದವರನ್ನು ಗುರುತಿಸಿದ್ದು ಆಸ್ತಿಯಲ್ಲ, ಹೆಸರಲ್ಲ, ಹತ್ತಿರದವರ ಜೊತೆಗಿನ ಒಡನಾಟ. ನಿಮ್ಮ ಪತ್ರದಲ್ಲಿ ಒಬ್ಬ ಗೆಳತಿಯ ಪ್ರಸ್ತಾಪವೂ ಇಲ್ಲ. ಆರು ವರ್ಷ ಮದುವೆ, ಮುಂಜಿ, ಜಾತ್ರೆ ಎಲ್ಲ ತಪ್ಪಿಸಿಕೊಂಡಿರುತ್ತೀರಿ, ಕರೆಯುವವರೂ ಕರೆಯುವುದನ್ನು ಬಿಟ್ಟಿರುತ್ತಾರೆ. ಹಳೆಯ ಗೆಳತಿಯರಲ್ಲಿ ಒಬ್ಬರಿಗೆ ನೀವೇ ಫೋನ್ ಮಾಡಿ. ಜೀವನದ ಅರ್ಥ ಮಾತಾಡಬೇಕಾಗಿಲ್ಲ, ಊರ ಸುದ್ದಿ ಸಾಕು.

ಕೊನೆಯ ಮಾತು ನಿಮ್ಮ ಯಜಮಾನರಿಗೆ. ಈ ಪುಟವನ್ನು ಅವರ ಕೈಗೆ ಕೊಡಿ. ಸ್ವಾಮಿ, ನಿಮ್ಮ ತಾಯಿಯನ್ನು ಆರು ವರ್ಷ ನೋಡಿಕೊಂಡವರು ಇವರು. ಕಾಯಿಲೆ ಎಂದು ನೀವೇ ಹೆಸರಿಟ್ಟಿದ್ದೀರಿ, ಹಾಗಾದರೆ ಈ ವಾರವೇ ವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ. ಒಬ್ಬರನ್ನೇ ಬಸ್ಸು ಹತ್ತಿಸಿ ಕಳಿಸಬೇಡಿ.