ಚಳಿಗಾಲದ ಹೊಗೆ

ತರ್ಕಶಾಸ್ತ್ರವನ್ನು ಓದಿದವರಿಗೆಲ್ಲ ಬೆಟ್ಟದ ಮೇಲಿನ ಹೊಗೆಯ ಉದಾಹರಣೆ ಚಿರಪರಿಚಿತ. ದೂರದ ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುತ್ತೇವೆ; ಎಲ್ಲೆಲ್ಲಿ ಹೊಗೆಯುಂಟೋ ಅಲ್ಲೆಲ್ಲ ಬೆಂಕಿಯುಂಟು ಎಂಬ ನಿಯಮವೇ ಇದಕ್ಕೆ ಆಧಾರ. ಆದರೆ ಇದನ್ನು ತಿರುಗಿಸಿ, ಎಲ್ಲೆಲ್ಲಿ ಬೆಂಕಿಯುಂಟೋ ಅಲ್ಲೆಲ್ಲ ಹೊಗೆಯುಂಟು ಎಂದರೆ ತಪ್ಪಾಗುತ್ತದೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಬೆಂಕಿಗೆ ಹಸಿಯ ಸೌದೆ ಸೇರಿದಾಗ ಮಾತ್ರ ಹೊಗೆ ಹುಟ್ಟುತ್ತದೆಂದು ನಮ್ಮ ನೈಯಾಯಿಕರು ಹೇಳಿ, ಆ ಸೇರುವಿಕೆಯನ್ನು ‘ಉಪಾಧಿ’ ಎಂದು ಕರೆದರು. ನಾನು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆನೇ ಹೊರತು ಕಣ್ಣೆದುರಿನ ಬೆಂಕಿಗೆ ಹೊಂದಿಸಿ ನೋಡಿರಲಿಲ್ಲ.

ನೋಡುವ ಪ್ರಸಂಗವೊಂದು ಕಳೆದ ಜನವರಿಯಲ್ಲಿ ಬಂದಿತು. ಶ್ರಮದಾನದ ದಿನ ನಾವು ಕೆಲವರು ಕಾಲೇಜಿನ ಅಂಗಳದ ತರಗೆಲೆಯನ್ನೆಲ್ಲ ಗುಡಿಸಿ ಹಿಂಬದಿಯ ಗೋಡೆಯ ಬಳಿ ರಾಶಿ ಹಾಕಿದೆವು. ಮುಂಜಾನೆಯ ಚಳಿ ಬೇರೆ. ಮೈ ಕಾಯಿಸಿಕೊಂಡಂತೆಯೂ ಆಯಿತೆಂದು ಕಡ್ಡಿ ಗೀರಿದವನು ನಾನೇ. ಇಬ್ಬನಿಗೆ ತೊಯ್ದ ಎಲೆ ಉರಿಯಲಿಲ್ಲ, ಹೊಗೆಯಾಡಿತು. ಆ ಹೊಗೆ ನಾನೆಣಿಸಿದಂತೆ ಆಕಾಶಕ್ಕೆ ಏರಲಿಲ್ಲ. ಆಳೆತ್ತರಕ್ಕೆ ಏರಿ, ಕಾಣದ ಸೂರಿಗೆ ತಗುಲಿದಂತೆ ನಿಂತು, ಅಡ್ಡಕ್ಕೆ ಹಾಸಿಕೊಂಡು, ಗೋಡೆಯಾಚೆಯ ಓಣಿಯೊಳಕ್ಕೆ ಹರಿಯಿತು. ಸ್ವಲ್ಪ ಹೊತ್ತಿಗೆಲ್ಲ ವೃದ್ಧರೊಬ್ಬರು ಪಂಚೆಯ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೇಟಿನ ಬಳಿ ಬಂದು, “ಯಾರಪ್ಪಾ ಬೆಂಕಿ ಹಚ್ಚಿದೋರು? ಮನೇಲಿ ಉಸಿರಾಡೋಕ್ಕಾಗ್ತಿಲ್ಲ” ಎಂದರು. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಾಗಿತ್ತು. ಅಂಗಳವನ್ನು ಶುಚಿಗೊಳಿಸಿದ ಹೆಮ್ಮೆಯಲ್ಲಿದ್ದ ನಾನು ಅಂಗಳದ ಕಸವನ್ನು ಅವರ ಶ್ವಾಸಕೋಶಕ್ಕೆ ಸಾಗಿಸಿದ್ದೆನೆಂದು ಆಗ ಹೊಳೆಯಿತು.

ಹೊಗೆ ಮೇಲೇರದೆ ಏಕೆ ನಿಂತಿತೆಂದು ತಿಳಿಯಲು ಹೊರಟವನಿಗೆ 1952ನೆಯ ಇಸವಿಯ ಲಂಡನ್ ನಗರದ ಕಥೆ ಎದುರಾಯಿತು. ಆ ಕಥೆಯನ್ನೂ ಅದರಿಂದ ನಾನು ಕಲಿತುದನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಹವೆಯ ವಿಚಾರ. ಸಾಮಾನ್ಯವಾಗಿ ನೆಲದಿಂದ ಮೇಲೇರಿದಂತೆಲ್ಲ ಗಾಳಿ ತಣ್ಣಗಾಗುತ್ತ ಹೋಗುತ್ತದೆ. ಕೆಳಗಿನ ಬೆಚ್ಚನೆಯ ಗಾಳಿ ಹಗುರವಾದುದರಿಂದ ಮೇಲಕ್ಕೇರುತ್ತದೆ. ಹೊಗೆಯನ್ನೂ ಜೊತೆಗೆ ಒಯ್ಯುತ್ತದೆ. ಆದರೆ ಮೋಡವಿಲ್ಲದ, ಗಾಳಿಯಾಡದ ಚಳಿಗಾಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಬೇಗನೆ ಕಳೆದುಕೊಂಡು ತನ್ನನ್ನು ಸೋಕಿದ ಗಾಳಿಯನ್ನೂ ತಣ್ಣಗಾಗಿಸುತ್ತದೆ. ಆಗ ತಣ್ಣನೆಯ ಭಾರವಾದ ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ. ಕ್ರಮ ತಲೆಕೆಳಗಾಗಿರುವುದರಿಂದ ಇದಕ್ಕೆ ಉಷ್ಣತೆಯ ವಿಪರ್ಯಯವೆಂದು ಹೆಸರು. ಕೆಳಗಿನ ಗಾಳಿ ಮೇಲೇರಲಾರದು. ಮೇಲಿನ ಬೆಚ್ಚನೆಯ ಪದರವು ಪಾತ್ರೆಗೆ ಮುಚ್ಚಿದ ಮುಚ್ಚಳದಂತಿರುತ್ತದೆ. ನಮ್ಮ ಊರುಗಳಲ್ಲಿ ಬಿಸಿಲೇರಿ ನೆಲ ಕಾದೊಡನೆ ಈ ಮುಚ್ಚಳ ಕರಗುವುದೇ ಹೆಚ್ಚು. ಉತ್ತರದ ಶೀತದೇಶಗಳಲ್ಲಿ, ಡಿಸೆಂಬರಿನ ಮಂಕು ಬಿಸಿಲಿಗೆ ಆ ಶಕ್ತಿಯಿಲ್ಲದಾಗ, ಅದು ದಿನಗಟ್ಟಲೆ ಹಾಗೆಯೇ ಇರಬಲ್ಲದು.

1952ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಆದದ್ದು ಇದೇ. ಹಲವು ವಾರಗಳಿಂದ ಕೊರೆಯುವ ಚಳಿ; ಜನರು ಒಲೆಗಳಿಗೆ ಕಲ್ಲಿದ್ದಲನ್ನು ಧಾರಾಳವಾಗಿ ಹಾಕುತ್ತಿದ್ದರು. ಯುದ್ಧಾನಂತರದ ಬಡತನದಲ್ಲಿ ಆ ದೇಶವು ಒಳ್ಳೆಯ ಕಲ್ಲಿದ್ದಲನ್ನು ರಫ್ತು ಮಾಡುತ್ತಿತ್ತು. ಮನೆಗಳಿಗೆ ಅಗ್ಗದ ಪುಡಿಗಲ್ಲಿದ್ದಲು ದೊರೆಯುತ್ತಿತ್ತು. ಅತ್ತ ನಗರದೊಳಗಿನ ವಿದ್ಯುತ್ ಸ್ಥಾವರಗಳ ಹೊಗೆ, ಇತ್ತ ಲಕ್ಷಾಂತರ ಮನೆಗಳ ಹೊಗೆ. ಗಾಳಿ ನಿಂತಿತು, ಮುಚ್ಚಳ ಬಿದ್ದಿತು, ಮಂಜು ಕವಿಯಿತು. ಆ ದಿನಗಳಲ್ಲಿ ನಿತ್ಯವೂ ಸುಮಾರು 1,000 ಟನ್ ಹೊಗೆಯ ಕಣಗಳೂ 370 ಟನ್ ಗಂಧಕದ ಡೈಆಕ್ಸೈಡೂ ಗಾಳಿಗೆ ಸೇರಿದುವೆಂದು ಬ್ರಿಟನ್ನಿನ ಹವಾಮಾನ ಇಲಾಖೆಯ ಅಂದಾಜು. ಗಂಧಕದ ಅನಿಲವು ಮಂಜಿನ ಹನಿಗಳಲ್ಲಿ ಕರಗಿ ಆಮ್ಲವಾಯಿತು; ಜನರು ಉಸಿರಾಡಿದ್ದು ಅದನ್ನೇ.

ಡಿಸೆಂಬರ್ 9ರವರೆಗೆ ನಗರವು ಕುರುಡಾಯಿತು. ಬಸ್ಸುಗಳ ಮುಂದೆ ನಿರ್ವಾಹಕರು ದೀಪ ಹಿಡಿದು ನಡೆಯಬೇಕಾಯಿತು. ಕಡೆಗೆ ಬಸ್ಸುಗಳೇ ನಿಂತುಹೋದುವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಕ್ಕೂ ಮಂಜು ನುಗ್ಗಿ, ಪ್ರೇಕ್ಷಕರಿಗೆ ರಂಗವೇ ಕಾಣದಾಗಿ, ಸಂಗೀತನಾಟಕವೊಂದು ನಡುವೆಯೇ ನಿಂತಿತು. ಜಾನುವಾರು ಪ್ರದರ್ಶನಕ್ಕೆ ಬಂದಿದ್ದ ಕೊಬ್ಬಿದ ದನಗಳು ಉಸಿರು ಕಟ್ಟಿ ಸತ್ತುವು. ಮನುಷ್ಯರ ಸಾವು ಮಾತ್ರ ಅಷ್ಟು ಬೇಗ ಕಣ್ಣಿಗೆ ಬೀಳಲಿಲ್ಲ. ಅವರು ಬೀದಿಯಲ್ಲಿ ಬೀಳದೆ ತಮ್ಮ ತಮ್ಮ ಮನೆಗಳಲ್ಲಿ, ಹಾಸಿಗೆಗಳಲ್ಲಿ ಸತ್ತರು; ಮುದುಕರು, ಎಳೆಯ ಮಕ್ಕಳು, ಎದೆಯ ರೋಗವಿದ್ದವರು. ಶವಪೆಟ್ಟಿಗೆಗಳು ಸಾಲದಾದಾಗ, ಸಾವುಗಳ ಲೆಕ್ಕ ಕೂಡಿಸಿ ನೋಡಿದಾಗ, ವಾಡಿಕೆಗಿಂತ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತಿದ್ದರೆಂದು ತಿಳಿಯಿತು. ಮುಂದಿನ ಎರಡು ಮೂರು ತಿಂಗಳಿನ ಹೆಚ್ಚಿನ ಸಾವುಗಳನ್ನು ಸರ್ಕಾರವು ಇನ್‌ಫ್ಲುಯೆಂಜಾ ಜ್ವರದ ಲೆಕ್ಕಕ್ಕೆ ಬರೆಯಿತು. 2001ರಲ್ಲಿ ಬೆಲ್ ಮತ್ತು ಡೇವಿಸ್ ಎಂಬ ಸಂಶೋಧಕರು ಆ ಲೆಕ್ಕವನ್ನು ಮತ್ತೆ ಪರಿಶೀಲಿಸಿ, ಅವನ್ನು ಜ್ವರವೊಂದರಿಂದಲೇ ವಿವರಿಸಲಾಗದೆಂದೂ, ಸತ್ತವರ ಸಂಖ್ಯೆ 12,000ದಷ್ಟಿರಬಹುದೆಂದೂ ತೋರಿಸಿದರು.

ಇದಕ್ಕೆ ಕಾರಣವಾರು? ಚಳಿಯೇ, ಮಂಜೇ, ನಿಂತ ಗಾಳಿಯೇ? ಹವೆಯನ್ನು ದೂಷಿಸುವುದು ಎಲ್ಲರಿಗೂ ಅನುಕೂಲ. ಏಕೆಂದರೆ ಹವೆಯ ಮೇಲೆ ಯಾರೂ ಮೊಕದ್ದಮೆ ಹೂಡಲಾರರು. ಆದರೆ ಮುಚ್ಚಳವು ಪಾತ್ರೆಯಲ್ಲಿ ಇಲ್ಲದ್ದನ್ನು ಬೇಯಿಸಲಾರದು. ಚಳಿಗಾಲವು ವಿಷವನ್ನು ತಂದದ್ದಲ್ಲ. ಜನರು ಪ್ರತಿದಿನವೂ ಆಕಾಶಕ್ಕೆ ಎಸೆಯುತ್ತಿದ್ದುದನ್ನು ಐದು ದಿನ ಅವರ ಬಳಿಯೇ ಹಿಡಿದಿಟ್ಟಿತು, ಅಷ್ಟೆ.

ಇಲ್ಲಿ ನಮ್ಮ ತರ್ಕಶಾಸ್ತ್ರದ ಉಪಾಧಿ ಕೆಲಸಕ್ಕೆ ಬರುತ್ತದೆ. ಕಲ್ಲಿದ್ದಲನ್ನು ಕಾಯಿಸಿದಾಗ ಅದರೊಳಗಿನ ಅನಿಲಗಳೂ ಟಾರಿನ ಅಂಶಗಳೂ ಹೊರಬರುತ್ತವೆ. ಸಾಕಷ್ಟು ಗಾಳಿ ಮತ್ತು ಶಾಖ ದೊರೆತರೆ ಅವೂ ಉರಿದು ಬಿಸಿ ಕೊಡುತ್ತವೆ. ದೊರೆಯದಿದ್ದರೆ ಮಸಿಯಾಗಿ, ಹೊಗೆಯಾಗಿ ಹಾರಿಹೋಗುತ್ತವೆ. ಎಂದಮೇಲೆ ಹೊಗೆಯೆಂಬುದು ಬೆಂಕಿಯ ಸಹಜಗುಣವಲ್ಲ. ಅದು ಉರಿಯದೆ ಉಳಿದ ಇಂಧನ. ಹಣ ಕೊಟ್ಟು ಕೊಂಡ ಕಲ್ಲಿದ್ದಲಿನ ಒಂದು ಪಾಲನ್ನು ಲಂಡನ್ನಿನ ಗೃಹಸ್ಥನು ಚಿಮಣಿಯ ಮೂಲಕ ನೆರೆಮನೆಯವನ ಎದೆಗೆ ದಾನ ಮಾಡುತ್ತಿದ್ದನು. ಅದೇ ಕಲ್ಲಿದ್ದಲನ್ನು ಗಾಳಿಯಿಲ್ಲದ ಭಟ್ಟಿಯಲ್ಲಿ ಕಾಯಿಸಿದರೆ ಹೊಗೆಯಾಗಬೇಕಾದುದು ದೀಪದ ಅನಿಲವಾಗಿ, ಟಾರಾಗಿ, ಅಮೋನಿಯವಾಗಿ ಕೈಗೆ ಸಿಗುತ್ತಿತ್ತು. ಉಳಿದ ಕೋಕ್ ಹೊಗೆಯಿಲ್ಲದೆ ಉರಿಯುತ್ತಿತ್ತು. ಇದು ಆ ನಗರಕ್ಕೆ 19ನೆಯ ಶತಮಾನದಿಂದಲೂ ತಿಳಿದಿದ್ದ ವಿದ್ಯೆ.

ತಿಳಿದಿದ್ದರೂ ಏಕೆ ಮಾಡಲಿಲ್ಲ? ಹೇಳುವವರು ಇರಲಿಲ್ಲವೆಂದಲ್ಲ. 1661ರಲ್ಲೇ ಜಾನ್ ಎವೆಲಿನ್ ಎಂಬ ಗ್ರಂಥಕರ್ತನು ಲಂಡನ್ನಿನ ಹೊಗೆಯ ವಿರುದ್ಧ ಪುಸ್ತಕವೊಂದನ್ನು ಬರೆದು ದೊರೆ ಎರಡನೆಯ ಚಾರ್ಲ್ಸನಿಗೆ ಅರ್ಪಿಸಿದನು. 1898ರಲ್ಲಿ ವಿಲಿಯಂ ಬ್ಲೇಕ್ ರಿಚ್ಮಂಡ್ ಎಂಬ ಚಿತ್ರಕಾರನು ಕಲ್ಲಿದ್ದಲಿನ ಹೊಗೆಯನ್ನು ತಗ್ಗಿಸಲೆಂದೇ ಒಂದು ಸಂಘವನ್ನು ಕಟ್ಟಿದನು. ಹೊಗೆ ಮತ್ತು ಮಂಜು ಎಂಬ ಎರಡು ಇಂಗ್ಲಿಷ್ ಪದಗಳನ್ನು ಬೆಸೆದ ‘ಸ್ಮಾಗ್’ ಎಂಬ ಮಾತನ್ನು 1905ರಲ್ಲಿ ಬಳಕೆಗೆ ತಂದವರು ಆ ಸಂಘದ ವೈದ್ಯರಾದ ಡೆ ವೋ ಅವರೆಂದು ಹೇಳುತ್ತಾರೆ. ಹೀಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೆಲವರು ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಹೊಗೆಯ ಹಾನಿಯನ್ನು ಹೇಳುತ್ತಲೇ ಬಂದರು. ಆದರೆ ಮನೆಯ ಒಲೆಯೆದುರು ಕುಳಿತು ಉರಿಯನ್ನು ನೋಡುವುದು ಇಂಗ್ಲಿಷರಿಗೆ ಬಲು ಪ್ರಿಯವಾದ ಸುಖ. ಅದನ್ನು ಮುಟ್ಟುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ.

1952ರ ಸಾವುಗಳ ಅನಂತರವೂ ಸರ್ಕಾರ ಕೂಡಲೇ ಎಚ್ಚರಗೊಳ್ಳಲಿಲ್ಲ. ಪಾರ್ಲಿಮೆಂಟಿನಲ್ಲಿ ಸದಸ್ಯರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ ಬಳಿಕ 1953ರಲ್ಲಿ ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ, 1954ರಲ್ಲಿ ವರದಿ ಒಪ್ಪಿಸಿತು. ಜೆರಾಲ್ಡ್ ನಬಾರೊ ಎಂಬ ಸದಸ್ಯರು ಖಾಸಗಿ ಮಸೂದೆಯನ್ನು ಮಂಡಿಸಿ ಒತ್ತಾಯ ತಂದರು. ಕಡೆಗೆ 1956ರಲ್ಲಿ ಶುದ್ಧ ವಾಯು ಶಾಸನವು ಜಾರಿಗೆ ಬಂದಿತು. ಆ ಶಾಸನದ ಒಂದು ಅಂಶ ನನಗೆ ಬಹಳ ಹಿಡಿಸಿತು. ಹೊಗೆಯಾಡಬಾರದ ವಲಯಗಳನ್ನು ಗೊತ್ತುಮಾಡುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟುದಷ್ಟೇ ಅಲ್ಲ, ಗೃಹಸ್ಥರು ತಮ್ಮ ಒಲೆಗಳನ್ನು ಬದಲಾಯಿಸಿಕೊಳ್ಳುವ ವೆಚ್ಚದ ಬಹುಪಾಲನ್ನು ಸಾರ್ವಜನಿಕ ಹಣದಿಂದ ಕೊಡಲು ಏರ್ಪಾಡು ಮಾಡಿತು. ಬಡವನಿಗೆ ‘ಹೊಗೆ ಮಾಡಬೇಡ’ ಎಂದಷ್ಟೇ ಹೇಳಿದರೆ ‘ಚಳಿಯಲ್ಲಿ ನಡುಗು’ ಎಂದಂತೆಯೇ. ಬೇರೊಂದು ಒಲೆಯನ್ನು ಕೊಟ್ಟು ಹೇಳಿದರೆ ಅದು ನ್ಯಾಯ. ಫಲವು ಒಂದೇ ದಿನದಲ್ಲಿ ಬರಲಿಲ್ಲ. 1962ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಸ್ಮಾಗ್ ಕವಿದು ನೂರಾರು ಜನ ಸತ್ತರು. ಆದರೂ ವಲಯಗಳು ಹಬ್ಬಿದಂತೆ, ಅನಿಲ ಮತ್ತು ವಿದ್ಯುತ್ತಿನ ಬಳಕೆ ಹೆಚ್ಚಿದಂತೆ, ಆ ಕಪ್ಪು ಮಂಜು ಲಂಡನ್ನಿನಿಂದ ಮರೆಯಾಯಿತು. 2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಕಟ್ಟಕಡೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೂ ಮುಚ್ಚಿತು.

ಈ ಕಥೆಯಲ್ಲಿ ಒಂದು ತೊಡಕೂ ಇದೆ, ಅದನ್ನು ಮುಚ್ಚಿಡಲಾಗದು. ವಿದ್ಯುತ್ ಸ್ಥಾವರಗಳ ಹೊಗೆ ನಗರಕ್ಕೆ ತಗುಲದಿರಲೆಂದು ಎತ್ತರದ ಚಿಮಣಿಗಳನ್ನು ಕಟ್ಟಿದರು. ನಗರಗಳ ಗಾಳಿ ತಿಳಿಯಾಯಿತು ನಿಜ. ಆದರೆ ಗಂಧಕದ ಅನಿಲವು ಇಲ್ಲವಾಗದೆ ಮೇಲಿನ ಗಾಳಿಯಲ್ಲಿ ದೂರ ಸಾಗಿತು. ಯೂರೋಪಿನ ಕಾರ್ಖಾನೆಗಳ ಗಂಧಕವು ಸ್ಕ್ಯಾಂಡಿನೇವಿಯದ ಮೇಲೆ ಆಮ್ಲದ ಮಳೆಯಾಗಿ ಬೀಳುತ್ತಿದೆಯೆಂದು 1967ರಲ್ಲಿ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಓಡೆನ್ ಎಚ್ಚರಿಸಿದರು. ಅಲ್ಲಿನ ಸರೋವರಗಳ ಮೀನು ಸಾಯುತ್ತಿತ್ತು. ಇದಕ್ಕಾಗಿ 1979ರಲ್ಲಿ ಜಿನೀವದಲ್ಲಿ ಹಲವು ದೇಶಗಳು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕಸವನ್ನು ದೂರಕ್ಕೆ ಎಸೆಯುವುದು ಬೇರೆ, ಕಸವನ್ನು ಕಡಮೆ ಮಾಡುವುದು ಬೇರೆ. ಗೋಡೆಯಾಚೆಗೆ ಹೊಗೆ ಕಳುಹಿಸಿದ ನನಗೆ ಈ ಭೇದವನ್ನು ಯಾರೂ ಒತ್ತಿ ಹೇಳಬೇಕಾಗಿರಲಿಲ್ಲ.

ಲಂಡನ್ನಿನ ಹಳೆಯ ಕಥೆ ನಮಗೇಕೆ ಎಂದು ಕೇಳಬಹುದು. 2016ರ ನವೆಂಬರಿನಲ್ಲಿ ನಮ್ಮ ರಾಜಧಾನಿ ದೆಹಲಿಯಲ್ಲಿ ಹೊಗೆಮಂಜು ಕವಿದು ಶಾಲೆಗಳನ್ನು ಮುಚ್ಚಬೇಕಾಯಿತು. ಆ ಬಳಿಕದ ಚಳಿಗಾಲಗಳಲ್ಲಿಯೂ ಈ ಕಷ್ಟ ಮರಳಿ ಬಂದಿದೆ. ಅಲ್ಲಿಯೂ ನಿಂತ ಗಾಳಿ, ಅದೇ ಮುಚ್ಚಳ. ಪಾತ್ರೆಯೊಳಗೆ ಮಾತ್ರ ವಾಹನಗಳ ಹೊಗೆ, ರಸ್ತೆಯ ಧೂಳು, ಗದ್ದೆಯಲ್ಲಿ ಸುಟ್ಟ ಬತ್ತದ ಕೂಳೆ, ಬೀದಿಯಲ್ಲಿ ಸುಟ್ಟ ಕಸ. ದನಕ್ಕೆ ಮೇವೂ ಭೂಮಿಗೆ ಗೊಬ್ಬರವೂ ಆಗಬಲ್ಲ ಹುಲ್ಲು, ಸಮಯವೂ ಸಾಧನವೂ ಸಾಲದ ರೈತನ ಕೈಯಲ್ಲಿ ಹೊಗೆಯಾಗುತ್ತಿದೆ. ಅವನಿಗೂ ಬೇಕಾದುದು ಬೈಗುಳವಲ್ಲ, ಬೇರೊಂದು ದಾರಿ.

ನಮ್ಮ ನಾಡಿನಲ್ಲಿಯೇ ಇಂಥ ದಾರಿಯನ್ನು ತೋರಿಸಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ಆರಂಭವಾಯಿತು; ಅದರ ಸ್ಥಾಪನೆಯಲ್ಲಿ ಪ್ರಮುಖರಾದವರು ಎ. ಕೆ. ಎನ್. ರೆಡ್ಡಿಯವರು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಉರಿಗೆ ಬೇಕಾದ ಗಾಳಿಯನ್ನು ಲೆಕ್ಕಹಾಕಿ ಬಿಡಲಾಗುತ್ತದೆ. ಒಂದೇ ಬೆಂಕಿ ಒಂದಕ್ಕಿಂತ ಹೆಚ್ಚು ಪಾತ್ರೆಗಳನ್ನು ಕಾಯಿಸುತ್ತದೆ. ಉಳಿದ ಹೊಗೆ ಕೊಳವೆಯಿಂದ ಹೊರಹೋಗುತ್ತದೆ. ಸೌದೆ ಉಳಿಯಿತು, ಅಡುಗೆಯವಳ ಕಣ್ಣೂ ಉಳಿಯಿತು. ಊದುಗೊಳವೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು, ಕೆಮ್ಮುತ್ತಲೇ ನಮಗೆ ರೊಟ್ಟಿ ಬಡಿದ ಅಜ್ಜಿಯರನ್ನು ನೆನೆದರೆ ಇದು ಎಷ್ಟು ದೊಡ್ಡ ಉಪಕಾರವೆಂದು ತಿಳಿದೀತು. ಬೆಂಕಿಯಿಂದ ಉಪಾಧಿಯನ್ನು ಬೇರ್ಪಡಿಸುವ ವಿದ್ಯೆಯೆಂದರೆ ಇದೇ ಅಲ್ಲವೆ?

ಇಷ್ಟನ್ನೂ ಓದಿ ತಿಳಿದ ಮೇಲೆ ನಾನು ಮಾಡಿದ್ದು ಬಹು ಸಣ್ಣ ಕೆಲಸ. ಮೂವರು ಸ್ನೇಹಿತರೊಡನೆ ಅದೇ ಗೋಡೆಯ ಬಳಿ ಗುಂಡಿಯೊಂದನ್ನು ತೋಡಿದೆ. ತರಗೆಲೆಯನ್ನು ಪದರ ಪದರವಾಗಿ ಹಾಕಿ, ನಡುನಡುವೆ ಸಗಣಿಯ ನೀರನ್ನೂ ಮಣ್ಣನ್ನೂ ಚೆಲ್ಲುತ್ತಿದ್ದೇವೆ. ಎಲೆ ಸುಟ್ಟರೆ ಅರ್ಧ ಗಂಟೆಯ ಕೆಲಸ; ಕೊಳೆತು ಗೊಬ್ಬರವಾಗಲು ತಿಂಗಳುಗಳು ಬೇಕು. ಈ ಅವಸರವೇ ನಮ್ಮ ಹಸಿಸೌದೆಯೆಂದು ನನಗೆ ಈಗ ತೋರುತ್ತದೆ. ಮುಂದಿನ ಜನವರಿಯಲ್ಲಿಯೂ ಚಳಿ ಬರುತ್ತದೆ, ಮುಚ್ಚಳವೂ ಬೀಳುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಕಡ್ಡಿಪೆಟ್ಟಿಗೆ ಮಾತ್ರ ನಮ್ಮ ಕೈಯಲ್ಲಿದೆ. ಗುಂಡಿಯ ಮೊದಲ ಪುಟ್ಟಿ ಗೊಬ್ಬರವನ್ನು ಓಣಿಯ ಆ ಹಿರಿಯರ ಮನೆಯ ತುಳಸಿಕಟ್ಟೆಗೆ ಕೊಡಬೇಕೆಂದು ನಾವು ನಿಶ್ಚಯಿಸಿದ್ದೇವೆ.